ಶೌಚಗುಂಡಿಗೆ ಮಣ್ಣಿನ ಅನುಮತಿಯೂ ಬೇಕು

ಠಾಣಾ ಕುಶನೂರಿನ ಸುತ್ತಲ ಎರೆಹೊಲಗಳು ಬೇಸಿಗೆಯಲ್ಲಿ ಬಿರಿಯುತ್ತವೆ; ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ, ಬಿರುಕು ಮುಚ್ಚಿ, ನೀರನ್ನು ಮೇಲೆಯೇ ನಿಲ್ಲಿಸುತ್ತದೆ. ಪ್ರತಿಯೊಬ್ಬ ರೈತನೂ ಬಲ್ಲ ಈ ಸಂಗತಿಯನ್ನು ಶೌಚಾಲಯ ಕಟ್ಟಿಸುವ ಆಡಳಿತ ಮಾತ್ರ ಅರಿಯದಂತಿದೆ.

2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನವು ಅರ್ಹ ಗ್ರಾಮೀಣ ಕುಟುಂಬಕ್ಕೆ 12,000 ರೂಪಾಯಿ ಪ್ರೋತ್ಸಾಹಧನ ನೀಡಿತು. ಬಯಲುಶೌಚದ ಅವಮಾನದಿಂದ ಹೆಣ್ಣುಮಕ್ಕಳು ಪಾರಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ದಾಖಲೆಗೆ ಕಟ್ಟಡದ ಛಾಯಾಚಿತ್ರ ಬೇಕಾಯಿತು. ಗುಂಡಿಯ ಕೆಳಗಿನ ಮಣ್ಣನ್ನು ಕೇಳುವವರಿರಲಿಲ್ಲ.

ಭಾರತೀಯ ಮಾನಕ 2470ರ ಪ್ರಕಾರ, ಪರೀಕ್ಷಾಗುಂಡಿಯಲ್ಲಿ ನೀರು 25 ಮಿಲಿಮೀಟರ್ ಇಳಿಯಲು 60 ನಿಮಿಷಕ್ಕೂ ಹೆಚ್ಚು ಹಿಡಿದರೆ ಅಲ್ಲಿ ಇಂಗುಗುಂಡಿ ಸಲ್ಲದು. ತೊಯ್ದ ಎರೆಮಣ್ಣು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ದುಸ್ತರ. ಇಂಗದ ಹೊಲಸು ಚರಂಡಿಗೆ ಹರಿಯುತ್ತದೆ. ಇಂಗಲೆಂದೇ ಕರಿಕಲ್ಲಿನವರೆಗೆ ತೋಡಿದರೆ ಇನ್ನೂ ಕೇಡು: ಬಂಡೆಯ ಸೀಳುಗಳಲ್ಲಿ ಮಲಿನಜಲವು ಸೋಸದೆಯೇ ಬಾವಿಯನ್ನು ಸೇರಬಲ್ಲದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮಿತಿಯನ್ನು ಮೀರಿದರೆ ಹಸುಗೂಸುಗಳಿಗೆ ಅಪಾಯ.

ಕಟ್ಟಡಕ್ಕೆ ಅನುಮತಿ ನೀಡುವ ಅಧಿಕಾರ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯಿಂದಲೇ ಗ್ರಾಮ ಪಂಚಾಯಿತಿಗಿದೆ. ಆ ಅನುಮತಿಗೆ ಮೂರು ಷರತ್ತುಗಳು ಸೇರಲಿ: ಮಳೆಗಾಲದಲ್ಲಿ ಇಂಗುಪರೀಕ್ಷೆ, ಬಾವಿಯಿಂದ ಸಾಕಷ್ಟು ಅಂತರ, ನೀರು ಇಂಗದ ಕಡೆ ಸೋಸುತೊಟ್ಟಿ. ಇದರ ಹೆಚ್ಚುವರಿ ವೆಚ್ಚವನ್ನು ಸರ್ಕಾರವೇ ಭರಿಸಬೇಕು. ಬಡ ಕುಟುಂಬದ ಮೇಲೆ ಹೊರಿಸುವುದು ಅನ್ಯಾಯ.

ಮುಂದಿನ ಗ್ರಾಮಸಭೆಯಲ್ಲಿ ಎಷ್ಟು ಶೌಚಾಲಯಗಳಾದವು ಎಂಬ ಲೆಕ್ಕ ಓದುವ ಮೊದಲು ನಾವು ಎದ್ದುನಿಂತು ಕೇಳೋಣ: ಈ ಗುಂಡಿಗಳ ನೀರು ಎಲ್ಲಿಗೆ ಹೋಗುತ್ತಿದೆ?