ಹಾಯಿ ಹಾರುತ್ತೆ, ಸರಿ. ಶಾಫ್ಟ್ ಯಾರು ನೋಡ್ತಾರೆ? (ನೀರಿನ ಸರಣಿ – 6)

1/4

ಕೆಆರ್‌ಎಸ್ ಹಿನ್ನೀರಲ್ಲೋ ವರುಣ ಕೆರೇಲೋ ಹಾಯಿ ಬಿಚ್ಚಿ ನಿಂತಿರೋ ಫೋಟೋಗೆ ಲೈಕ್ ಬೀಳುತ್ತೆ. ಗ್ರೀಸ್ ಮೆತ್ತಿದ ಕೈ ಫೋಟೋಗೆ ಬೀಳಲ್ಲ. ಗೊತ್ತಿದ್ದೂ ಇವತ್ತು ಅದನ್ನೇ ಹಾಕಿದೀನಿ.

ಹೋದ ಪೋಸ್ಟಿಗೆ ಕ್ಲಾಸ್‌ಮೇಟ್ ಒಬ್ಬನ ಕಾಮೆಂಟ್: "ಗಾಳೀಲಿ ಹೋಗೋ ದೋಣಿಗೆ ಎಂಜಿನ್ ಯಾಕೆ ಗುರು?" ನಾವು ಇಲ್ಲಿ ಕಲಿಯೋ ಚಿಕ್ಕ ದೋಣಿಗಳಲ್ಲಿ ಎಂಜಿನ್ ಇರಲ್ಲ, ನಿಜ. ಆದರೆ ಸಮುದ್ರಕ್ಕೆ ಹೋಗೋ ಯಾಟ್‌ನಲ್ಲಿ ಡೀಸೆಲ್ ಎಂಜಿನ್ ಇದ್ದೇ ಇರುತ್ತೆ. ಬಂದರಿನ ಒಳಗೆ ಹೋಗೋಕೆ, ಹೊರಗೆ ಬರೋಕೆ, ಗಾಳಿ ಸತ್ತಾಗ, ಬ್ಯಾಟರಿ ಚಾರ್ಜ್ ಮಾಡೋಕೆ, ಎಲ್ಲಕ್ಕಿಂತ ಹೆಚ್ಚಾಗಿ ಯಾರಾದರೂ ನೀರಿಗೆ ಬಿದ್ದಾಗ ದೋಣಿ ತಿರುಗಿಸಿ ಅವರ ಹತ್ತಿರ ಹೋಗೋಕೆ. ಅಂದರೆ ಎಂಜಿನ್ ಬೇಕಾಗೋದು ಬೇರೆ ದಾರಿ ಇಲ್ಲದ ಹೊತ್ತಲ್ಲೇ.

ಹಾಗಾಗಿ ನನ್ನ ಅಭಿಪ್ರಾಯ ಇದು, ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು: ಎಂಜಿನ್‌ನಿಂದ ಪ್ರೊಪೆಲ್ಲರ್‌ವರೆಗಿನ ಇಡೀ ಸಾಲನ್ನ ತಾನೇ ನೋಡಿಕೊಳ್ಳೋಕೆ ಬಾರದವರಿಗೆ ಯಾಟ್‌ನ ಚುಕ್ಕಾಣಿ ಕೊಡಬಾರದು. ಮೆಕ್ಯಾನಿಕ್ ಇದಾನಲ್ಲ ಅನ್ನೋ ಮಾತು ದಡದಲ್ಲಿ ಮಾತ್ರ ನಡೆಯುತ್ತೆ.

2/4

ಐಎನ್‌ಎಸ್‌ವಿ ತಾರಿಣಿ ನೆನಪಿದೆಯಲ್ಲ? ಗೋವಾದಲ್ಲೇ ಕಟ್ಟಿದ ನೌಕಾಪಡೆಯ ಹಾಯಿದೋಣಿ. 2017ರ ಸೆಪ್ಟೆಂಬರ್ 10ಕ್ಕೆ ಆರು ಮಹಿಳಾ ಅಧಿಕಾರಿಗಳು ಗೋವಾ ಬಿಟ್ಟು, ಭೂಮಿ ಸುತ್ತಿ, 2018ರ ಮೇ 21ಕ್ಕೆ ವಾಪಸ್ ಬಂದರು. ಕೊನೇ ಹಂತದಲ್ಲಿ ಸ್ಟೀರಿಂಗ್ ಕೈಕೊಟ್ಟು ಮಾರಿಷಸ್‌ನ ಪೋರ್ಟ್ ಲೂಯಿಸ್‌ಗೆ ಹೋಗಬೇಕಾಯ್ತು. ಅದೇ ದೋಣೀಲಿ 2024ರ ಅಕ್ಟೋಬರ್ 2ರಿಂದ 2025ರ ಮೇ 29ರವರೆಗೆ ದಿಲ್ನಾ ಕೆ. ಮತ್ತು ರೂಪಾ ಎ. ಇಬ್ಬರೇ ಸುತ್ತಿ ಬಂದರು. ಇಬ್ಬರೇ! ಒಬ್ಬರು ಮಲಗಿದಾಗ ಇನ್ನೊಬ್ಬರೇ ಕ್ಯಾಪ್ಟನ್, ಅಡುಗೆಯವರು, ಎಲೆಕ್ಟ್ರಿಷಿಯನ್, ಫಿಟ್ಟರ್. ನಾವು ಶೇರ್ ಮಾಡಿದ್ದು ಮಾತ್ರ ಹಾಯಿ ಬಿಚ್ಚಿದ ಫೋಟೋ.

3/4 (ಇದು ಸ್ವಲ್ಪ ಉದ್ದ, ಕಾಫಿ ತಗೊಳ್ಳಿ)

ಈ ಡ್ರೈವ್ ಸಾಲಲ್ಲಿ ಏನಿರುತ್ತೆ? ಎಂಜಿನ್, ಗೇರ್‌ಬಾಕ್ಸ್, ಕಪ್ಲಿಂಗ್, ಶಾಫ್ಟ್, ದೋಣಿಯ ಹೊಟ್ಟೆಯಿಂದ ಶಾಫ್ಟ್ ಹೊರಗೆ ಹೋಗೋ ಜಾಗದಲ್ಲಿ ಗ್ಲ್ಯಾಂಡ್, ನೀರೊಳಗೆ ಒಂದು ರಬ್ಬರ್ ಬೇರಿಂಗ್, ಆಮೇಲೆ ಪ್ರೊಪೆಲ್ಲರ್.

ಹೊಲದ ಹಳೇ ಪಂಪ್‌ಸೆಟ್ ನೋಡಿದವರಿಗೆ ಗ್ಲ್ಯಾಂಡ್ ಹೊಸದಲ್ಲ. ಅದೇ ಹಗ್ಗದಂಥ ಪ್ಯಾಕಿಂಗ್, ಅದೇ ನಟ್ಟು. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ತೊಟ್ಟಿಕ್ಕಬೇಕು, ಆ ನೀರೇ ಅದನ್ನ ತಂಪಾಗಿಡೋದು. ಸೋರ್ತಿದೆ ಅಂತ ಹೆದರಿ ಗಟ್ಟಿಯಾಗಿ ಬಿಗಿದರೆ ಬಿಸಿಯಾಗಿ ಶಾಫ್ಟೇ ಸವೆಯುತ್ತೆ. ಹನಿ ಧಾರೆ ಆದರೆ ಮಾತ್ರ ಚಿಂತೆ.

ಕಪ್ಲಿಂಗ್ ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಎರಡು ಮುಖಗಳ ನಡುವಿನ ಸಂದನ್ನ ಫೀಲರ್ ಗೇಜ್ ಹಾಕಿ ಸುತ್ತಲೂ ಅಳೀಬೇಕು. 4 ಇಂಚಿನ ಕಪ್ಲಿಂಗ್ ಆದರೆ ವ್ಯತ್ಯಾಸ ಸುಮಾರು 0.1 ಮಿ.ಮೀ. ದಾಟಬಾರದು. ಇದನ್ನ ದೋಣಿ ನೀರಲ್ಲಿ ಇರುವಾಗಲೇ ಮಾಡಬೇಕು, ಯಾಕಂದ್ರೆ ದಡದ ಮೇಲೆ ಕೂತ ದೋಣಿಯ ಆಕಾರವೇ ಒಂಚೂರು ಬೇರೆ.

ಕೆಲವು ಯಾಟ್‌ಗಳಲ್ಲಿ ಉದ್ದ ಶಾಫ್ಟ್ ಬದಲು ಸೇಲ್‌ಡ್ರೈವ್ ಇರುತ್ತೆ. ಅದರ ಕಾಲು ದೋಣಿಯ ತಳದ ದೊಡ್ಡ ತೂತಿನಿಂದ ನೇರ ಕೆಳಗಿಳಿಯುತ್ತೆ. ಆ ತೂತಿಗೂ ಸಮುದ್ರಕ್ಕೂ ನಡುವೆ ಇರೋದು ರಬ್ಬರ್ ಡಯಾಫ್ರಾಮ್. ಅದನ್ನ 7 ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತೆ ವೋಲ್ವೋ ಪೆಂಟಾ. "ಚೆನ್ನಾಗೇ ಇದೆಯಲ್ಲ, ಇನ್ನೊಂದು ವರ್ಷ ಹೋಗಲಿ" ಅನ್ನೋ ಅಭ್ಯಾಸ ನಮಗೆಲ್ಲ ಇದೆ. ಇಲ್ಲಿ ಬೇಡ.

ಇನ್ನು ಆನೋಡ್. ಆಯುಧಪೂಜೇಲಿ ಗಾಡಿ ಮುಂದೆ ಬೂದುಗುಂಬಳ ಒಡೀತೀವಲ್ಲ, ದೃಷ್ಟಿಯೆಲ್ಲ ಅದಕ್ಕೇ ಹೋಗಲಿ ಅಂತ? ಆನೋಡ್ ದೋಣಿಯ ಬೂದುಗುಂಬಳ. ಪ್ರೊಪೆಲ್ಲರ್ ಬದಲು ತಾನು ಕರಗುತ್ತೆ. ಸಮುದ್ರಕ್ಕೆ ಸತುವಿನದು, ಸಿಹಿನೀರಿಗೆ ಮೆಗ್ನೀಷಿಯಂನದು. ಕಾವೇರಿ ನೀರಲ್ಲಿ ಸತುವಿನದು ಹಾಕಿದರೆ ಅದು ಹಾಗೇ ಇರುತ್ತೆ, ಪ್ರೊಪೆಲ್ಲರ್ ತಿನ್ನಿಸಿಕೊಳ್ಳುತ್ತೆ. ಹೊಸದಾಗಿ ಹೊಳೀತಿರೋ ಆನೋಡ್ ನೋಡಿ ಖುಷಿಪಡೋರೇ ಜಾಸ್ತಿ. ಅರ್ಧ ಕರಗಿದ್ದರೆ ಅದು ಕೆಲಸ ಮಾಡ್ತಿದೆ ಅಂತ ಅರ್ಥ, ಬದಲಿಸೋ ಟೈಮ್ ಬಂತು ಅಂತಲೂ ಅರ್ಥ.

"ತಿಂಗಳಿಗೆ ಒಂದೆರಡು ಗಂಟೆ ಓಡೋ ಎಂಜಿನ್‌ಗೆ ಇಷ್ಟೊಂದಾ?" ಹೌದು, ಕಮ್ಮಿ ಓಡೋದಕ್ಕೇ ಇಷ್ಟೊಂದು. ಪರೀಕ್ಷೆ ಅಂತ ತಿಂಗಳುಗಟ್ಟಲೆ ನಿಲ್ಲಿಸಿದ ಸ್ಕೂಟರ್ ಒಂದೇ ಕಿಕ್‌ಗೆ ಸ್ಟಾರ್ಟ್ ಆಗಿದ್ದು ಎಂದಾದರೂ ನೋಡಿದೀರಾ? ನಿಂತ ಡೀಸೆಲ್ ಟ್ಯಾಂಕಲ್ಲಿ ನೀರು ಸೇರುತ್ತೆ, ಅದರಲ್ಲಿ ಲೋಳೆ ಬೆಳೆಯುತ್ತೆ, ಲೋಳೆ ಫಿಲ್ಟರ್ ಕಟ್ಟುತ್ತೆ.

4/4

ನಮ್ಮ ಕೆರೆಗೂ ಇದಕ್ಕೂ ಏನು ಸಂಬಂಧ ಅಂದ್ರೆ, ರೆಸ್ಕ್ಯೂ ಬೋಟ್. ನಾವು ಮಗುಚಿ ಬಿದ್ದಾಗ ಬರೋದು ಅದರ ಔಟ್‌ಬೋರ್ಡ್ ಎಂಜಿನ್ನೇ. ಪ್ರೊಪೆಲ್ಲರ್ ಹಿಂದೆ ಮೀನಿನ ಗಾಳದ ದಾರ ಸುತ್ತಿಕೊಂಡರೆ ಸೀಲ್ ಕುಯ್ಯುತ್ತೆ, ಗೇರ್ ಆಯಿಲ್‌ಗೆ ನೀರು ಸೇರಿ ಹಾಲು ಹಾಕಿದ ಕಾಫಿ ಬಣ್ಣ ಬರುತ್ತೆ. ನೋಡೋಕೆ ಐದು ನಿಮಿಷ ಸಾಕು. ಎಂಜಿನ್ ಓಡುವಾಗ ಪಕ್ಕದಿಂದ ಸಣ್ಣ ಪಿಚಕಾರಿ ತರ ನೀರು ಚಿಮ್ಮುತ್ತಾ ಇರಬೇಕು. ನಿಂತರೆ ಎಂಜಿನ್ ಆಫ್ ಮಾಡಿ, ಕೂಲಿಂಗ್ ಪಂಪಿನ ರಬ್ಬರ್ ಇಂಪೆಲ್ಲರ್ ನೋಡಿ. ಇಷ್ಟನ್ನ ದಡದಲ್ಲಿರೋ ಎಲ್ಲರೂ ಕಲೀಬೇಕು, ಬೋಟ್ ಅಣ್ಣ ಒಬ್ಬರೇ ಅಲ್ಲ. ಅವರಿಗೆ ಜ್ವರ ಬಂದ ದಿನ ಯಾರು?

ಒಂದು ಕ್ಯಾಂಪಲ್ಲಿ (ಹೆಸರು ಬೇಡ) ಹುಡುಗೀರಿಗೆ ಹಾಯಿ ಹಿಡಿಸಿ ಫೋಟೋ ತೆಗೆದರು. ಟೂಲ್‌ಬಾಕ್ಸ್ ತೆಗೆದಾಗ "ನೀವು ಆ ಕಡೆ ಕೂತ್ಕೊಳ್ಳಿ, ಕೈ ಕೊಳೆ ಆಗುತ್ತೆ" ಅಂದರು. ತಾರಿಣಿಯ ಕಥೆ ಹೇಳಿ ಚಪ್ಪಾಳೆ ಹೊಡೆಸಿದ್ದೂ ಅದೇ ಕ್ಯಾಂಪಲ್ಲಿ!

ನಮ್ಮ ಊರಿಗೆ ಸ್ಪ್ಯಾನರ್ ಹಿಡಿಯೋದು ಹೊಸದೂ ಅಲ್ಲ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಅಲ್ಲಿ ತಯಾರಾದ ಯೆಜ್ಡಿಗಳು ಇವತ್ತೂ ಈ ರಸ್ತೆಗಳಲ್ಲಿ ಓಡ್ತಿವೆ, ಮನೆ ಮುಂದೆ ಚೈನ್ ಬಿಚ್ಚಿ ಕೂರೋ ಅಂಕಲ್‌ಗಳ ದಯೆಯಿಂದ.

ಮುಂದಿನ ಪೋಸ್ಟ್: ಇಂಪೆಲ್ಲರ್ ಬದಲಿಸೋದು, ಹಂತ ಹಂತವಾಗಿ. ನಿಮ್ಮ ಕ್ಯಾಂಪಲ್ಲಿ ಟೂಲ್‌ಬಾಕ್ಸ್ ಯಾರ ಕೈಲಿತ್ತು, ಕಾಮೆಂಟಲ್ಲಿ ಹೇಳಿ.

#ನೀರಿನಸರಣಿ #ಮೈಸೂರು #ಗ್ರೀಸ್‌ಕೈ