ದೂರದ ಅಳತೆ, ಅನುವಾದವಾಗದ ಮಾತು: ಮೋನಾ ಹಾತೂಮ್ ಅವರ ಒಂದು ಕಿರುಚಿತ್ರ

ಇಂಗ್ಲಿಷಿನ 'ಎಕ್ಸೈಲ್' ಎಂಬ ಪರಿಕಲ್ಪನೆಗೆ ಕನ್ನಡದಲ್ಲಿ ಬಳಕೆಯಾಗುತ್ತಿರುವ ಪದಗಳಲ್ಲಿ ಯಾವುದೂ ಪೂರ್ಣವಾಗಿ ಹೊಂದುವುದಿಲ್ಲ. 'ಗಡಿಪಾರು' ಎಂಬುದು ದಂಡನೆ. ಇಂದು ಅದು ಹೆಚ್ಚಾಗಿ ಕೇಳಿಬರುವುದು ಪೊಲೀಸ್ ಇಲಾಖೆಯ ಆದೇಶಗಳಲ್ಲಿ. 'ದೇಶಭ್ರಷ್ಟ' ಎಂಬಲ್ಲಿನ 'ಭ್ರಷ್ಟ'ವು ನೆಲ ಕಳೆದುಕೊಂಡವರ ಮೇಲೆಯೇ ಕಳಂಕ ಹೊರಿಸುತ್ತದೆ. 'ವನವಾಸ'ಕ್ಕಾದರೋ ಗೊತ್ತಾದ ಅವಧಿಯುಂಟು, ಅದು ತೀರಿದ ಮೇಲೆ ಮರಳುವ ಭರವಸೆಯುಂಟು. ಇದು ಬರಿಯ ಪಾರಿಭಾಷಿಕ ತೊಡಕಲ್ಲ. ಓದಿನ ಕ್ರಮವನ್ನೂ ಇದು ರೂಪಿಸುತ್ತದೆ. ಪಂಪನ ಅರ್ಜುನ ಬನವಾಸಿಯನ್ನು ನೆನೆಯುವ ಪ್ರಸಂಗದಿಂದ ಮೊದಲ್ಗೊಂಡು, ನಾಡಿನ ಹಂಬಲವೆಂದರೆ ನೆಲದ ಚೆಲುವಿನ ವರ್ಣನೆ ಎಂಬ ನಿರೀಕ್ಷೆ ಕನ್ನಡ ಓದುಗರಲ್ಲಿ ಬೇರೂರಿದೆ. ಆ ನಿರೀಕ್ಷೆಯನ್ನು ಒಂದಿಷ್ಟೂ ಪೂರೈಸದ ಪಠ್ಯವೊಂದು ಎದುರಾದಾಗ ವಿಮರ್ಶೆ ಏನು ಮಾಡಬೇಕು ಎಂಬುದು ಇಲ್ಲಿನ ಪ್ರಶ್ನೆ.

ಅಂಥ ಪಠ್ಯ ಮೋನಾ ಹಾತೂಮ್ ಅವರ 'ಮೆಷರ್ಸ್ ಆಫ್ ಡಿಸ್ಟೆನ್ಸ್' (1988). ಅವಧಿ ಸುಮಾರು 15 ನಿಮಿಷ. ಹಾತೂಮ್ ಹುಟ್ಟಿದ್ದು 1952ರಲ್ಲಿ, ಬೈರೂತ್‌ನಲ್ಲಿ. ತಂದೆ ತಾಯಿ 1948ರಲ್ಲಿ ಹೈಫಾ ಬಿಟ್ಟು ಬಂದ ಪ್ಯಾಲೆಸ್ತೀನಿಯರು. 1975ರಲ್ಲಿ ಮಗಳು ಲಂಡನ್ನಿಗೆ ಹೋಗಿದ್ದಾಗ ಲೆಬನಾನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಅವರು ಅಲ್ಲಿಯೇ ಉಳಿಯಬೇಕಾಯಿತು, ಅಲ್ಲಿಯೇ ಕಲಾಶಿಕ್ಷಣವನ್ನೂ ಪಡೆದರು. ತಾಯಿ ಬೈರೂತ್‌ನಿಂದ ಬರೆದ ಪತ್ರಗಳೇ ಈ ಚಿತ್ರದ ವಸ್ತು. ಒಬ್ಬಳು ಒಮ್ಮೆ ನೆಲ ಕಳೆದುಕೊಂಡವಳು. ಇನ್ನೊಬ್ಬಳು ಆ ಕಳೆದುಕೊಂಡವಳಿಂದಲೂ ದೂರವಾದವಳು.

ಚಿತ್ರದಲ್ಲಿ ಹೈಫಾ ಕಾಣುವುದಿಲ್ಲ. ಬೈರೂತ್‌ನ ಬೀದಿಯೂ, ಸಮುದ್ರವೂ, ಯುದ್ಧದ ಅವಶೇಷವೂ ಕಾಣುವುದಿಲ್ಲ. ಕಾಣುವುದು ಸ್ನಾನದ ಮನೆಯಲ್ಲಿರುವ ತಾಯಿಯ ದೇಹ. 1981ರಲ್ಲಿ ಮಗಳು ಊರಿಗೆ ಹೋದಾಗ ತೆಗೆದ ಸ್ಥಿರಚಿತ್ರಗಳು. ಅವುಗಳ ಮೇಲೆ ತಾಯಿಯದೇ ಕೈಬರಹದ ಅರಬ್ಬಿ ಸಾಲುಗಳು ಹಾಸಿಕೊಂಡಿವೆ. ಬರಹ ಒಮ್ಮೆ ಪರದೆಯಂತೆ ದೇಹವನ್ನು ಮರೆಮಾಡುತ್ತದೆ, ಒಮ್ಮೆ ಮುಳ್ಳುತಂತಿಯಂತೆ ತೋರುತ್ತದೆ. ಹಿನ್ನೆಲೆಯಲ್ಲಿ ಎರಡು ಧ್ವನಿಪ್ರವಾಹಗಳು. ಒಂದರಲ್ಲಿ ತಾಯಿ ಮಗಳು ಅರಬ್ಬಿಯಲ್ಲಿ ಮಾತಾಡುತ್ತಾರೆ, ನಗುತ್ತಾರೆ. ಇನ್ನೊಂದರಲ್ಲಿ ಮಗಳು ಅದೇ ತಾಯಿಯ ಪತ್ರಗಳನ್ನು ಇಂಗ್ಲಿಷಿನಲ್ಲಿ ಓದುತ್ತಾಳೆ. ಆ ಓದು ಏರಿಳಿತವಿಲ್ಲದ್ದು, ಒಂದು ಬಗೆಯ ದುಗುಡದ್ದು. ಪತ್ರಗಳು ಆರಂಭವಾಗುವುದು ಮಗಳನ್ನು ಕಣ್ಣಿಗೆ ಹೋಲಿಸಿ ಕರೆಯುವ ಅಕ್ಕರೆಯ ಸಂಬೋಧನೆಯಿಂದ. ಅದು ಇಂಗ್ಲಿಷಿಗೆ ಬಂದಾಗ ಸವೆದ ನುಡಿಗಟ್ಟಾಗುತ್ತದೆ. (ಕನ್ನಡಕ್ಕೆ ತಂದಿದ್ದರೆ ಇಷ್ಟು ಬಿಸಿ ಆರುತ್ತಿರಲಿಲ್ಲವೇನೋ.)

ಪತ್ರಗಳ ಒಳಗೆ ಹೋದರೆ ಇನ್ನಷ್ಟು ಸಂಗತಿಗಳು ತೆರೆದುಕೊಳ್ಳುತ್ತವೆ. ಮಗಳು ಹೆಣ್ಣಿನ ದೇಹ, ದಾಂಪತ್ಯ, ಲೈಂಗಿಕತೆ ಕುರಿತು ಕೇಳಿದ ಪ್ರಶ್ನೆಗಳಿಗೆ ತಾಯಿ ಸಂಕೋಚವಿಟ್ಟುಕೊಳ್ಳದೆ ಉತ್ತರಿಸುತ್ತಾಳೆ. ಆ ಚಿತ್ರಗಳ ವಿಚಾರದಲ್ಲಿ ತಂದೆಗಾದ ಅಸಮಾಧಾನವನ್ನೂ ತಿಳಿಸುತ್ತಾಳೆ. ತನಗೆ ಮಾತ್ರ ಸಲ್ಲಬೇಕಾದುದನ್ನು ಮಡದಿ ಮಗಳಿಗೆ ಕೊಟ್ಟಳೆಂಬುದು ಅವನ ಭಾವ. ಅದೇ ತಾಯಿ ಪ್ಯಾಲೆಸ್ತೀನನ್ನು ಬಿಟ್ಟುಬಂದ ನಷ್ಟವನ್ನು ಹೇಳುವಾಗ ಆಸ್ತಿಗಿಂತ ಮಿಗಿಲಾಗಿ ತನ್ನತನವೇ ಬೆತ್ತಲಾದ ಅನುಭವವನ್ನು ನೆನೆಯುತ್ತಾಳೆ. ಸ್ನಾನದ ಮನೆಯ ಬೆತ್ತಲೆ ಮಗಳ ಮೇಲಿನ ನಂಬುಗೆಯಿಂದ ಬಂದುದು, ಇದು ಇತಿಹಾಸದ ಬಲಾತ್ಕಾರದಿಂದ ಬಂದುದು. ಅರಬ್ ಹೆಣ್ಣನ್ನು ಮೂಕ ಸಂತ್ರಸ್ತೆಯಾಗಿ ಮಾತ್ರ ಕಾಣುವ ಸಂಕಥನಕ್ಕೆ ಇಷ್ಟು ಸಹಜವಾದ ಉತ್ತರ ವಿರಳ.

ಅಧ್ಯಾಪಕರಿಗೆ ಈ ಚಿತ್ರ ಒಡ್ಡುವ ನಿಜವಾದ ಸವಾಲು ಅನುವಾದದ್ದು. ಇಲ್ಲಿ ಬರಹವನ್ನು ನೋಡಬಹುದು, ಓದಲಾಗದು. ಮಾತನ್ನು ಕೇಳಬಹುದು, ತಿಳಿಯಲಾಗದು. ತಿಳಿಯುವುದು ಅನುವಾದ ಮಾತ್ರ. ಅರಬ್ಬಿ ಬಾರದ ನೋಡುಗರ ಈ ಸ್ಥಿತಿ ಚಿತ್ರದ ಕೊರತೆಯಲ್ಲ, ಅದರ ರಚನೆಯೇ ಹೌದು. ಆದ್ದರಿಂದ ತರಗತಿಯಲ್ಲಿ ಇದನ್ನು ತೋರಿಸುವವರು ಆ ಸಂಭಾಷಣೆಗೆ ಕನ್ನಡ ಅಡಿಬರಹ ಒದಗಿಸುವ ಉಪಕಾರಕ್ಕೆ ಹೋಗಬಾರದು. ಎಲ್ಲವನ್ನೂ ಅರ್ಥಮಾಡಿಸುವ ಅನುವಾದವು ತಾಯಿ ಮಗಳ ನಡುವಿನ ದೂರವನ್ನು ಅಳಿಸುವುದಿಲ್ಲ. ಅದು ನೋಡುಗರಿಗೆ ಕಾಣದಂತೆ ಮಾಡುತ್ತದೆ, ಅಷ್ಟೆ.

ಹಾತೂಮ್ ಅವರ ಮುಂದಿನ ವೃತ್ತಿಜೀವನವನ್ನು ಈ ನೆಲೆಯಿಂದ ನೋಡಿದರೆ ಒಂದು ಪಲ್ಲಟ ಎದ್ದು ಕಾಣುತ್ತದೆ. 1980ರ ದಶಕದಲ್ಲಿ ಪ್ರದರ್ಶನಕಲೆ ಮತ್ತು ವಿಡಿಯೋಗಳಲ್ಲಿ ತೊಡಗಿದ್ದವರು ಅನಂತರ ಮುಖ್ಯವಾಗಿ ವಸ್ತುಗಳತ್ತ ತಿರುಗಿದರು. 'ಲೈಟ್ ಸೆಂಟೆನ್ಸ್' (1992) ಕೃತಿಯಲ್ಲಿ ತಂತಿಜಾಲರಿಯ ಕಪಾಟುಗಳ ನಡುವೆ ಒಂದು ಬಲ್ಬು ಮೇಲೆ ಕೆಳಗೆ ಚಲಿಸಿ, ಗೋಡೆಗಳೇ ತೂಗಾಡುವಂತೆ ನೆರಳು ಬೀಳುತ್ತದೆ. ಜೆರುಸಲೇಮಿನಲ್ಲಿ ರಚಿಸಿದ 'ಪ್ರೆಸೆಂಟ್ ಟೆನ್ಸ್' (1996) ನಾಬ್ಲಸ್ ಸಾಬೂನಿನ ತುಂಡುಗಳ ಮೇಲೆ ಕೆಂಪು ಮಣಿಗಳಿಂದ ಓಸ್ಲೋ ಒಪ್ಪಂದದ ನಕ್ಷೆಯನ್ನು ಗುರುತಿಸುತ್ತದೆ. ಕರಗುವ ವಸ್ತುವಿನ ಮೇಲೆ ಗಡಿ. 'ಹೋಮ್‌ಬೌಂಡ್' (2000) ಅಡುಗೆಮನೆಯ ಪಾತ್ರೆಗಳಲ್ಲಿ ವಿದ್ಯುತ್ತನ್ನು ಹರಿಸುತ್ತದೆ. 1995ರಲ್ಲಿ ಟರ್ನರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಅವರ ಹೆಸರಿತ್ತು. 2019ರಲ್ಲಿ ಜಪಾನಿನ ಪ್ರೀಮಿಯಂ ಇಂಪೀರಿಯಾಲೆ ಪ್ರಶಸ್ತಿ ಸಂದಿತು. 2000ದಲ್ಲಿ ಲಂಡನ್ನಿನ ಟೇಟ್‌ನಲ್ಲಿ ನಡೆದ ಅವರ ಪ್ರದರ್ಶನದ ಕೈಪಿಡಿಗೆ, ಸ್ವತಃ ಜೆರುಸಲೇಮಿನಲ್ಲಿ ಹುಟ್ಟಿದ ಎಡ್ವರ್ಡ್ ಸೈದ್ ಪ್ರಬಂಧ ಬರೆದರು.

ಈ ಎಲ್ಲ ಕೃತಿಗಳಲ್ಲೂ ಪ್ಯಾಲೆಸ್ತೀನನ್ನೇ ಹುಡುಕುವ ಓದು ಪ್ರಚಲಿತವಾಗಿದೆ. ಅದು ಅರ್ಧ ಸತ್ಯ. ಹೆಚ್ಚು ಮುಖ್ಯವಾದುದು, ಈ ಕೃತಿಗಳಿಗೆ ಅನುವಾದಕರು ಬೇಕಾಗಿಲ್ಲ ಎಂಬುದು. ವಿದ್ಯುತ್ ಹರಿಯುವ ಪಾತ್ರೆ ಯಾವ ವಸ್ತುಸಂಗ್ರಹಾಲಯಕ್ಕೆ ಹೋದರೂ ಅದೇ ಭೀತಿ ಹುಟ್ಟಿಸುತ್ತದೆ. ಆ ಸಾಮರ್ಥ್ಯವೇ ಅವರಿಗೆ ಜಾಗತಿಕ ಮನ್ನಣೆ ತಂದಿರಬಹುದು. ಆದರೆ ಅಲ್ಲಿ ಮರುಮಾತಾಡುವ ತಾಯಿಯಿಲ್ಲ. ಮನೆ ಉಳಿದಿದೆ, ಮನೆಯವರಿಲ್ಲ. ಈ ಕಾರಣದಿಂದ, ಗಾತ್ರದಲ್ಲೂ ಖ್ಯಾತಿಯಲ್ಲೂ ಕಿರಿದಾದ ಈ ಚಿತ್ರವನ್ನು ಆರಂಭಿಕ ಪ್ರಯೋಗವೆಂದು ಬದಿಗಿರಿಸುವುದು ತಪ್ಪಾಗುತ್ತದೆ.

ಕೊನೆಯ ಪತ್ರದಲ್ಲಿ, ಕಾರುಬಾಂಬಿನ ಸ್ಫೋಟಕ್ಕೆ ಅಂಚೆ ಕಚೇರಿ ನಾಶವಾದ ಸುದ್ದಿಯಿದೆ. ಇನ್ನು ಪತ್ರಗಳು ಬರಲಾರವು. ಅಷ್ಟು ಹೊತ್ತಿಗೆ ಪರದೆ ಕಪ್ಪಾಗಿ, ತಾಯಿಯ ದೇಹವೂ ಕೈಬರಹವೂ ಮರೆಯಾಗಿರುತ್ತವೆ.