ಕೊಟ್ಟವರಿಗೆ ಲಾಭವಿದೆ, ಕಾಯುವವರಿಗೆ?

ಹಗಲಿರುಳು ಕೂತು ಬರೆದ ತಂತ್ರಾಂಶವನ್ನು ಮೂಲ ಕೋಡ್ ಸಮೇತ ಬಿಟ್ಟುಕೊಡುವವರನ್ನು ನಾವು ಸಲೀಸಾಗಿ ದಾನಿಗಳ ಸಾಲಿಗೆ ಸೇರಿಸಿಬಿಡುತ್ತೇವೆ. ಆ ಹೊಗಳಿಕೆಯಿಂದ ಅವರ ಕೆಲಸ ನಮಗೆ ಅರ್ಥವಾಗದೇ ಉಳಿಯುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಬೆಳಗಾದರೆ ಬಳಕೆಯಾಗುವ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಹುಟ್ಟಿದ್ದು ದಾನಬುದ್ಧಿಯಿಂದಲ್ಲ, ಇಕ್ಕಟ್ಟಿನಿಂದ.

ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೆ ನಾನಾ ದೇಶಗಳಿಂದ ಬರುವ ತಿದ್ದುಪಡಿಗಳನ್ನು ನಿಭಾಯಿಸಲು ಅದನ್ನು ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶ ಬಳಸುತ್ತಿದ್ದರು. 2005ರಲ್ಲಿ ಅದರ ಕಂಪನಿ ಉಚಿತ ಬಳಕೆಯ ಅನುಮತಿ ಹಿಂತೆಗೆದುಕೊಂಡಿತು. ಅದರ ಜಾಗಕ್ಕೆ ಒಗ್ಗುವ ಬೇರೊಂದು ಸಿಗಲಿಲ್ಲ. ಏಪ್ರಿಲ್ ಆರಂಭದಲ್ಲಿ ತಾವೇ ಬರೆಯಲು ಕೂತ ಟೊರ್ವಾಲ್ಡ್ಸ್, ಕೆಲವೇ ದಿನಗಳಲ್ಲಿ ಗಿಟ್‌ನ ಕೋಡನ್ನು ಗಿಟ್‌ನಲ್ಲೇ ಇಡುವ ಹಂತ ಮುಟ್ಟಿದ್ದರು. ಅದನ್ನು ಬಚ್ಚಿಟ್ಟುಕೊಂಡು ಅವರಿಗೆ ಆಗಬೇಕಾದ್ದೇನೂ ಇರಲಿಲ್ಲ. ತೆರೆದಿಟ್ಟರೆ ಬಳಸಿದವರೇ ದೋಷ ಹುಡುಕುತ್ತಾರೆ, ತಿದ್ದಿ ಕಳಿಸುತ್ತಾರೆ. ಹಾಗೆ ತಿದ್ದಿ ಕಳಿಸುತ್ತಿದ್ದವರಲ್ಲಿ ಒಬ್ಬರಾದ ಜುನಿಯೊ ಹಮಾನೊ ಅದೇ ವರ್ಷದ ಜುಲೈನಲ್ಲಿ ಗಿಟ್‌ನ ಉಸ್ತುವಾರಿ ವಹಿಸಿಕೊಂಡರು.

ಕಂಪನಿಗಳ ಲೆಕ್ಕವೂ ಇದೇ, ಮೊತ್ತ ದೊಡ್ಡದು ಅಷ್ಟೆ. 2001ರಲ್ಲಿ ಲಿನಕ್ಸ್ ಮೇಲೆ ನೂರು ಕೋಟಿ ಡಾಲರ್ ಹೂಡಲು ಹೊರಟ ಐಬಿಎಂ ಮಾರುತ್ತಿದ್ದದ್ದು ಸರ್ವರ್‌ಗಳನ್ನು ಮತ್ತು ಸೇವೆಯನ್ನು. ಆಪರೇಟಿಂಗ್ ಸಿಸ್ಟಂ ಅಗ್ಗವಾದಷ್ಟೂ ಅದರ ವ್ಯಾಪಾರಕ್ಕೆ ಒಳ್ಳೆಯದು. ಗೂಗಲ್ ಆಂಡ್ರಾಯ್ಡ್ ಅನ್ನು ತೆರೆದಿಟ್ಟದ್ದೂ ಹಾಗೆಯೇ: ಅದರ ದುಡಿಮೆ ಜಾಹೀರಾತಿನಲ್ಲಿದೆ. ಹೊರಗಿನವರಿಗೆ ಕಾಣದ ಇನ್ನೊಂದು ಕಾರಣವಿದೆ. ಚಿಪ್ ಕಂಪನಿಯೊಂದು ತನ್ನ ಡ್ರೈವರ್‌ನ ಕೋಡನ್ನು ಕರ್ನಲ್‌ನಿಂದ ಹೊರಗಿಟ್ಟುಕೊಂಡರೆ, ಎರಡು-ಮೂರು ತಿಂಗಳಿಗೊಮ್ಮೆ ಬರುವ ಹೊಸ ಆವೃತ್ತಿಗೆ ಪ್ರತಿ ಸಲವೂ ಹೊಂದಿಸುತ್ತಾ ಕೂರಬೇಕು. ಮುಖ್ಯ ಕೋಡಿಗೆ ಸೇರಿಸಿದರೆ, ಕರ್ನಲ್‌ನ ಒಳಭಾಗ ಬದಲಿಸುವವರೇ ಆ ಡ್ರೈವರನ್ನೂ ತಿದ್ದುತ್ತಾರೆ. ‘ಅಪ್‌ಸ್ಟ್ರೀಮ್ ಮಾಡೋಣ ಸರ್’, ಅಂದರೆ ಮುಖ್ಯ ಕೋಡಿಗೇ ಸೇರಿಸೋಣ, ಎಂದು ಎಂಜಿನಿಯರುಗಳು ಮ್ಯಾನೇಜರುಗಳ ಬೆನ್ನು ಹತ್ತುವುದು ಇದಕ್ಕೇ.

ಈ ಸ್ವಾರ್ಥದ ಬಗ್ಗೆ ನನ್ನ ತಕರಾರಿಲ್ಲ. ಬರೀ ಔದಾರ್ಯವನ್ನು ನೆಚ್ಚಿಕೊಂಡಿದ್ದರೆ ಲಿನಕ್ಸ್ ಮೂರು ದಶಕ ದಾಟುತ್ತಿರಲಿಲ್ಲ. ನನ್ನ ಕಳವಳ ಬೇರೆ. ಅಗತ್ಯ ಹೊಸದನ್ನು ಕಟ್ಟಿಸುತ್ತದೆ, ಕಟ್ಟಿದ್ದನ್ನು ವರ್ಷಾನುಗಟ್ಟಲೆ ನೋಡಿಕೊಳ್ಳುವವರ ಗೋಜಿಗೆ ಹೋಗುವುದಿಲ್ಲ. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ಪುಟ್ಟ ತಂತ್ರಾಂಶ ಲಿನಕ್ಸ್ ಇರುವ ಬಹುತೇಕ ಕಡೆ ಇದೆ. ಅದನ್ನು ಬಹುಕಾಲ ನೋಡಿಕೊಂಡವರು ಲಾಸ್ಸೆ ಕೊಲಿನ್ ಒಬ್ಬರೇ, ಅದೂ ಸಂಬಳವಿಲ್ಲದೆ. ಕೆಲಸ ನಿಧಾನವಾಯಿತೆಂದು ಜನ ದೂರಿದಾಗ, 2022ರಲ್ಲಿ ಅವರು ತಮ್ಮ ಮಾನಸಿಕ ಆರೋಗ್ಯದ ತೊಂದರೆಯನ್ನು ಬಹಿರಂಗವಾಗಿಯೇ ಹೇಳಿಕೊಂಡರು. ಆಗ ನೆರವಿಗೆ ಬಂದದ್ದು ಜಿಯಾ ಟಾನ್ ಎಂಬ ಹೆಸರಿನ ವ್ಯಕ್ತಿ. ತಾಳ್ಮೆಯಿಂದ ನಂಬಿಕೆ ಗಳಿಸಿ, 2024ರಲ್ಲಿ ಆ ಕೋಡಿನೊಳಗೆ ಕಳ್ಳಬಾಗಿಲು ಇಟ್ಟದ್ದೂ ಅದೇ ವ್ಯಕ್ತಿ. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಮೈಕ್ರೋಸಾಫ್ಟ್ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಕೆದಕಿ ನೋಡದಿದ್ದರೆ, ಅದು ಲೋಕದ ಲೆಕ್ಕವಿಲ್ಲದಷ್ಟು ಸರ್ವರ್‌ಗಳಿಗೆ ಹರಡುವುದರಲ್ಲಿತ್ತು. ಕೊಲಿನ್ ಬಳಲಿದ್ದು ಎಲ್ಲರ ಕಣ್ಣೆದುರೇ. ಅವರ ಕೋಡಿನ ಮೇಲೆ ವ್ಯಾಪಾರ ನಡೆಸುವ ಯಾವ ಕಂಪನಿಯೂ ಒಬ್ಬ ಎಂಜಿನಿಯರನ್ನು ಅವರ ಪಕ್ಕಕ್ಕೆ ಕೂರಿಸಲಿಲ್ಲ ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಕಾಯುವವರಿಗೊಂದು ಪಾಲು ಎಂಬುದು ನಮಗೆ ಹೊಸ ಮಾತಲ್ಲ. ನಮ್ಮ ಹಳೆಯ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ವ್ಯವಸ್ಥೆಯ ಉಲ್ಲೇಖವಿದೆ. ಕೆರೆಯ ನೀರುಣ್ಣುವ ಜಮೀನಿನಲ್ಲೇ ಒಂದು ಪಾಲನ್ನು ಆ ಕೆರೆ ಕಟ್ಟಿದವರಿಗೆ, ಕಾಪಾಡುವವರಿಗೆ ಬಿಟ್ಟುಕೊಡುತ್ತಿದ್ದರು. ನೀರು ಪಡೆದವನು ಮನಸ್ಸು ಬಂದಾಗ ಕೊಡುವ ಕಾಣಿಕೆಯಾಗಿರಲಿಲ್ಲ ಅದು. ಈಗಲೂ ಅಂಥ ಪ್ರಯತ್ನ ಇಲ್ಲದಿಲ್ಲ: ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಝೆರೋಧಾ ತನ್ನ ವಹಿವಾಟು ನಿಂತಿರುವುದೇ ಮುಕ್ತ ತಂತ್ರಾಂಶಗಳ ಮೇಲೆ ಎಂದು ಒಪ್ಪಿಕೊಂಡು, ಇಂಥ ಯೋಜನೆಗಳಿಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಕೊಡುವ ನಿಧಿಯನ್ನು 2024ರಲ್ಲಿ ತೆರೆಯಿತು. ಅದಕ್ಕಿಂತ ಎಷ್ಟೋ ಪಾಲು ದೊಡ್ಡ ಕಂಪನಿಗಳು ಇದೇ ಊರಿನಲ್ಲಿವೆ. ಯಾವ ತಂತ್ರಾಂಶ ಎಲ್ಲಿ ಬಳಕೆಯಾಗುತ್ತಿದೆ ಎಂಬ ಪಟ್ಟಿಯನ್ನು ಅವುಗಳ ಸುರಕ್ಷತಾ ವಿಭಾಗದವರು ಹೇಗೂ ಇಡಬೇಕು. ಆ ಪಟ್ಟಿಯಲ್ಲಿ ಒಬ್ಬಿಬ್ಬರ ಬಿಡುವಿನ ವೇಳೆಯ ಮೇಲೆ ನಿಂತಿರುವ ಹೆಸರುಗಳನ್ನು ಗುರುತಿಸಿ, ಅವರಿಗೊಂದು ಸಂಬಳ ಗೊತ್ತುಮಾಡಿ, ಕ್ಲೌಡ್ ಬಿಲ್ಲಿನ ಪಕ್ಕದಲ್ಲೇ ವಾರ್ಷಿಕ ಬಜೆಟ್ಟಿನಲ್ಲಿ ಬರೆಯಲಿ. ಹಣ ಬೇಡ ಎನ್ನುವವರಿದ್ದರೆ, ವಾರದಲ್ಲೊಂದು ದಿನ ಅವರ ಕೆಲಸಕ್ಕೆ ಹೆಗಲು ಕೊಡುವ ಎಂಜಿನಿಯರನ್ನು ಕಳಿಸಲಿ.